ವಸಡಿನ ರಕ್ತವನ್ನು ಅಲಕ್ಷಿಸಬೇಡಿ

ಬೆಳಗಿನ ನಮಾಝಿಗೆ ವುಝೂ ಮಾಡಲು ನಲ್ಲಿಯ ಮುಂದೆ ನಿಲ್ಲುತ್ತೀರಿ. ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಉಗುಳಿದಾಗ ನೀರಿನಲ್ಲಿ ತೆಳುವಾದ ಕೆಂಪು ಎಳೆಯೊಂದು ಕಾಣುತ್ತದೆ. 'ನಿನ್ನೆ ಬ್ರಶ್ ಜೋರಾಗಿ ತಗುಲಿರಬೇಕು' ಎಂದುಕೊಳ್ಳುತ್ತೀರಿ. ಮರುದಿನವೂ ಕಂಡರೆ 'ದೇಹಕ್ಕೆ ಉಷ್ಣ ಆಗಿದೆ' ಎನ್ನುತ್ತೀರಿ. ವಾರ ಕಳೆದರೂ ನಿಲ್ಲದಿದ್ದರೆ ಆ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಬಿಟ್ಟುಬಿಡುತ್ತೀರಿ. ನೋವು ಇಲ್ಲವಲ್ಲ, ಹಾಗಾಗಿ ಕ್ರಮೇಣ ಅದು ಮರೆತೇ ಹೋಗುತ್ತದೆ.

ಯೋಚಿಸಿ ನೋಡಿ. ಕೈಯನ್ನು ಸಾಬೂನು ಹಾಕಿ ತೊಳೆಯುವಾಗ ಪ್ರತಿದಿನ ರಕ್ತ ಬಂದರೆ ನೀವು ಸುಮ್ಮನಿರುತ್ತೀರಾ? ಖಂಡಿತ ಇಲ್ಲ. ಅದೇ ದಿನ ವೈದ್ಯರ ಬಳಿಗೆ ಓಡುತ್ತೀರಿ. ವಸಡಿನ ವಿಷಯದಲ್ಲಿ ಮಾತ್ರ ನಮಗೆ ಈ ಉದಾಸೀನ ಏಕೆ? ಆರೋಗ್ಯವಾಗಿರುವ ವಸಡಿನಿಂದ ರಕ್ತ ಬರುವುದಿಲ್ಲ. ಬಂದರೆ ಅಲ್ಲಿ ಉರಿಯೂತ ಇದೆ ಎಂದೇ ಮೊದಲು ತಿಳಿಯಬೇಕು. ಈ ಉರಿಯೂತವು ಬಾಯಿಯೊಳಗೆ ಮಾತ್ರ ಉಳಿಯುವುದಿಲ್ಲ. ಅದರ ಗುರುತುಗಳು ರಕ್ತದಲ್ಲೂ ಕಾಣಿಸುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಂತೂ ಅದು ಸಕ್ಕರೆಯ ಹತೋಟಿಯನ್ನೇ ಕೆಡಿಸುತ್ತದೆ. ಹೀಗೆ ಉರಿಯೂತ ಇದೆ ಎಂದು ತೋರಿಸುವ ಗುರುತುಗಳಿಗೆ ವೈದ್ಯಶಾಸ್ತ್ರದಲ್ಲಿ ಜೈವಿಕ ಸೂಚಕಗಳು ಎಂದು ಹೆಸರು. ಅವು ಯಾವುವು, ಅವುಗಳಿಂದ ನಮಗೇನು ತಿಳಿಯುತ್ತದೆ, ನಾವೇನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ

ವಸಡಿನಲ್ಲಿ ರಕ್ತ ಬರಲು ಕಾರಣವೇನು ಎಂಬ ಬಗ್ಗೆ ಹಿಂದೆ ವೈದ್ಯರಲ್ಲೇ ಒಮ್ಮತ ಇರಲಿಲ್ಲ. ಕೆಲವರು ಜೀವಸತ್ವಗಳ ಕೊರತೆ ಎಂದರು, ಕೆಲವರು ವಯಸ್ಸು ಎಂದರು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಎಂಬ ದಂತ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. 1965ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆರೋಗ್ಯವಂತ ವಸಡಿನ 12 ಮಂದಿ ಭಾಗವಹಿಸಿದ್ದರು. ಅವರಲ್ಲಿ ಹೆಚ್ಚಿನವರು ದಂತ ವೈದ್ಯಕೀಯ ವಿದ್ಯಾರ್ಥಿಗಳು. ಹಲ್ಲುಜ್ಜುವುದನ್ನು ಸಂಪೂರ್ಣ ನಿಲ್ಲಿಸುವಂತೆ ಅವರಿಗೆ ಹೇಳಲಾಯಿತು.

10ರಿಂದ 21 ದಿನಗಳೊಳಗೆ ಎಲ್ಲ ಹನ್ನೆರಡು ಮಂದಿಯ ವಸಡುಗಳಲ್ಲೂ ಉರಿಯೂತ ಕಾಣಿಸಿಕೊಂಡಿತು. ಆಹಾರ ಬದಲಾಗಿರಲಿಲ್ಲ, ವಯಸ್ಸು ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳ ಪದರ ಬೆಳೆದಿತ್ತು. ಬಳಿಕ ಅವರು ಮತ್ತೆ ಚೆನ್ನಾಗಿ ಹಲ್ಲುಜ್ಜತೊಡಗಿದರು. ಸುಮಾರು ಒಂದು ವಾರದಲ್ಲಿ ವಸಡುಗಳು ಮೊದಲಿನಂತಾದವು.

ಈ ಸರಳ ಪ್ರಯೋಗದಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ಎರಡು ಮೂರು ವಾರಗಳ ಅಲಕ್ಷ್ಯವೇ ಯಾರ ವಸಡನ್ನಾದರೂ ಕೆಡಿಸಲು ಸಾಕು. ಎರಡು, ಆರಂಭದಲ್ಲೇ ಎಚ್ಚೆತ್ತರೆ ಅದನ್ನು ಪೂರ್ತಿಯಾಗಿ ಸರಿಪಡಿಸಬಹುದು. ರಕ್ತ ಬರುತ್ತದೆ ಎಂದು ಹಲ್ಲುಜ್ಜುವುದನ್ನು ಬಿಡುವವರು ರೋಗಕ್ಕೆ ಬೇಕಾದುದನ್ನೇ ಮಾಡಿಕೊಡುತ್ತಾರೆ ಎಂಬುದನ್ನು ನೆನಪಿಡಿ.

ದಂತಪಾಚಿ ಎಂದರೇನು?

ಉಜ್ಜದ ಹಲ್ಲನ್ನು ನಾಲಿಗೆಯಿಂದ ಸವರಿದರೆ ಲೋಳೆಯಂತಹ ಪದರ ತಾಗುತ್ತದೆ. ಅದೇ ದಂತಪಾಚಿ. ದಂತ ವೈದ್ಯರು ಇದನ್ನು ಪ್ಲೇಕ್ ಎನ್ನುತ್ತಾರೆ. ಇದು ಅನ್ನದ ಅಗುಳಲ್ಲ. ಅಸಂಖ್ಯ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಹಲ್ಲಿನ ಮೇಲೆ ಕಟ್ಟಿಕೊಂಡ ಊರು ಇದು. ಅಂಟಿಕೊಂಡಿರುವುದರಿಂದ ಬರೇ ನೀರು ಮುಕ್ಕಳಿಸಿದರೆ ಹೋಗುವುದಿಲ್ಲ. ದಿನಕ್ಕೆ ಐದು ಹೊತ್ತು ವುಝೂ ಮಾಡಿ ಬಾಯಿ ಮುಕ್ಕಳಿಸುವವರಿಗೆ ಬಾಯಿಯಲ್ಲಿ ಉಳಿದ ಆಹಾರದ ಚೂರುಗಳು ತೊಳೆದು ಹೋಗುತ್ತವೆ, ಅದು ಒಳ್ಳೆಯದೇ. ಆದರೆ ಪಾಚಿ ಹೋಗಬೇಕಾದರೆ ಅದನ್ನು ಉಜ್ಜಿಯೇ ತೆಗೆಯಬೇಕು.

ತೆಗೆಯದೆ ಬಿಟ್ಟ ಪಾಚಿ ಜೊಲ್ಲಿನಲ್ಲಿರುವ ಸುಣ್ಣದ ಅಂಶವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಅದೇ ಗಾರೆ. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಲ್ಲಿ ಹಳದಿಯಾಗಿ, ಕಲ್ಲಿನಂತೆ ಕೂತಿರುವುದನ್ನು ನೀವು ಕನ್ನಡಿಯಲ್ಲಿ ನೋಡಿರಬಹುದು. ಒಮ್ಮೆ ಗಾರೆಯಾದ ಮೇಲೆ ಮನೆಯ ಬ್ರಶ್ಶಿಗೆ ಅದು ಜಗ್ಗುವುದಿಲ್ಲ. ಅದರ ಒರಟು ಮೈಮೇಲೆ ಮತ್ತಷ್ಟು ಪಾಚಿ ಕೂರುತ್ತದೆ.

ದೇಹ ಕಳುಹಿಸುವ ಸೈನ್ಯ

ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳ ವಿಷವಸ್ತುಗಳು ವಸಡಿಗೆ ತಾಗಿದಾಗ ನಮ್ಮ ದೇಹ ಸುಮ್ಮನೆ ಕೂರುವುದಿಲ್ಲ. ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ, ಹೆಚ್ಚು ರಕ್ತ ಹರಿಯುತ್ತದೆ, ಬಿಳಿ ರಕ್ತಕಣಗಳು ನಾಳದಿಂದ ಹೊರಬಂದು ಆ ಜಾಗಕ್ಕೆ ಧಾವಿಸುತ್ತವೆ. ಹಾಗಾಗಿಯೇ ತಿಳಿಗೆಂಪಾಗಿ ಬಿಗಿಯಾಗಿರಬೇಕಾದ ವಸಡು ಕಡುಗೆಂಪಾಗಿ ಊದಿಕೊಳ್ಳುತ್ತದೆ, ಸ್ವಲ್ಪ ತಾಗಿದರೂ ರಕ್ತ ಬರುತ್ತದೆ. ಇದೇ ಉರಿಯೂತ. ಇದು ದೇಹದ ರಕ್ಷಣೆಯ ಕೆಲಸ. ಕೈಗೆ ಮುಳ್ಳು ಚುಚ್ಚಿದಾಗಲೂ ಇದೇ ನಡೆಯುತ್ತದೆ. ಮುಳ್ಳು ತೆಗೆದರೆ ಎರಡು ದಿನಗಳಲ್ಲಿ ಊತ ಇಳಿಯುತ್ತದೆ. ವಸಡಿನಲ್ಲಿ ಪಾಚಿ ಎಂಬ ಮುಳ್ಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆದ್ದರಿಂದ ಉರಿಯೂತವೂ ನಿಲ್ಲುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿಂದ.

ರಕ್ಷಣೆಗೆ ಬಂದ ಜೀವಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಕೆಲವು ರಾಸಾಯನಿಕಗಳನ್ನು ಸುರಿಸುತ್ತವೆ. ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಆಲ್ಫಾ, ಪ್ರೋಸ್ಟಾಗ್ಲಾಂಡಿನ್ ಇ2 ಇವುಗಳಲ್ಲಿ ಮುಖ್ಯವಾದವು. ಹೆಸರುಗಳು ಕಷ್ಟವಾದರೆ ಬಿಡಿ, ಕೆಲಸವನ್ನು ತಿಳಿದುಕೊಳ್ಳಿ. 'ಇನ್ನಷ್ಟು ಸೈನ್ಯ ಕಳುಹಿಸಿ' ಎಂದು ಕರೆಯುವ ಕೂಗುಗಳಿವು. ಕೂಗು ಹೆಚ್ಚು ಕಾಲ ಮುಂದುವರಿದರೆ ಹಲ್ಲನ್ನು ಹಿಡಿದಿರುವ ಮೂಳೆಗೂ ಅದು ಕೇಳಿಸುತ್ತದೆ. ಅಲ್ಲಿ ಮೂಳೆಯನ್ನು ಕರಗಿಸುವ ಜೀವಕೋಶಗಳು ಚುರುಕಾಗುತ್ತವೆ, ಮೂಳೆ ಸವೆಯತೊಡಗುತ್ತದೆ.

ಇನ್ನೊಂದು ಮುಖ್ಯ ಸೂಚಕ ಎಂಎಂಪಿ-8 ಎಂಬ ಕಿಣ್ವ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಿಂದ ಇದು ಹೊರಬರುತ್ತದೆ. ವಸಡು ಮತ್ತು ಹಲ್ಲಿನ ಬೇರನ್ನು ಬಂಧಿಸಿಟ್ಟ ಕೊಲಾಜೆನ್ ಎಂಬ ನಾರುಗಳನ್ನು ಕತ್ತರಿಸುವುದು ಇದರ ಕೆಲಸ. ಶತ್ರುವಿನ ಬಳಿಗೆ ಹೋಗಲು ದಾರಿ ಮಾಡಿಕೊಳ್ಳಲೆಂದು ಇರುವ ಈ ಕತ್ತರಿಯೇ ಹದ ಮೀರಿದಾಗ ನಮ್ಮ ಹಲ್ಲಿನ ಬುಡವನ್ನು ಸಡಿಲಗೊಳಿಸುತ್ತದೆ. ಅಂದರೆ ಕಿಡಿ ಹಚ್ಚುವುದು ಬ್ಯಾಕ್ಟೀರಿಯಾ. ಹಾನಿಯ ದೊಡ್ಡ ಪಾಲು ಮಾಡುವುದು ನಂದಲಾರದೆ ಉರಿಯುತ್ತಿರುವ ನಮ್ಮದೇ ದೇಹದ ಪ್ರತಿಕ್ರಿಯೆ.

ಒಬ್ಬರ ಹಲ್ಲು ಬೀಳುತ್ತದೆ, ಇನ್ನೊಬ್ಬರದ್ದು ಉಳಿಯುತ್ತದೆ, ಏಕೆ?

ನಮ್ಮ ನೆರೆಯ ಶ್ರೀಲಂಕಾದ ಚಹಾ ತೋಟಗಳಲ್ಲಿ ಲೋ ಅವರ ತಂಡ 1970ರಲ್ಲಿ ಇನ್ನೊಂದು ಅಧ್ಯಯನ ಆರಂಭಿಸಿತು. ಅಲ್ಲಿನ 480 ಕಾರ್ಮಿಕರಿಗೆ ದಂತ ಚಿಕಿತ್ಸೆಯ ಸೌಲಭ್ಯವೂ ಇರಲಿಲ್ಲ, ನಾವು ತಿಳಿದ ರೀತಿಯ ಹಲ್ಲುಜ್ಜುವ ಅಭ್ಯಾಸವೂ ಇರಲಿಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ, ಗಾರೆ ತುಂಬಿತ್ತು. ಎಲ್ಲರ ವಸಡೂ ಊದಿತ್ತು. ಆದರೆ ವರ್ಷಗಳು ಕಳೆದಂತೆ ಎಲ್ಲರಿಗೂ ಒಂದೇ ರೀತಿ ಆಗಲಿಲ್ಲ. ಸುಮಾರು 8 ಶೇಕಡಾ ಮಂದಿಯಲ್ಲಿ ಹಲ್ಲಿನ ಆಧಾರ ಬೇಗ ಬೇಗನೆ ನಾಶವಾಯಿತು. 81 ಶೇಕಡಾ ಮಂದಿಯಲ್ಲಿ ಮಧ್ಯಮ ವೇಗದಲ್ಲಿ ನಾಶವಾಯಿತು. ಉಳಿದ 11 ಶೇಕಡಾ ಮಂದಿಯಲ್ಲಿ ವಸಡಿನ ಊತವನ್ನು ದಾಟಿ ರೋಗ ಮುಂದುವರಿಯಲೇ ಇಲ್ಲ.

'ನಮ್ಮ ಅಜ್ಜ ಎಂದೂ ಬ್ರಶ್ ಮುಟ್ಟಿದವರಲ್ಲ, ಎಂಬತ್ತರಲ್ಲೂ ಅಡಿಕೆ ಕಡಿಯುತ್ತಿದ್ದರು' ಎಂದು ಹೇಳುವವರಿಗೆ ಉತ್ತರ ಇಲ್ಲಿದೆ. ಅವರು ಆ ಹನ್ನೊಂದು ಶೇಕಡಾದವರು ಇರಬಹುದು. ನೀವು ಯಾವ ಗುಂಪಿನವರು ಎಂದು ಹೊರಗಿನಿಂದ ನೋಡಿ ಹೇಳಲಾಗದು. ವಂಶವಾಹಿ, ಸಕ್ಕರೆ ಕಾಯಿಲೆ, ತಂಬಾಕು ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಆದ್ದರಿಂದ ಅಜ್ಜನ ಹಲ್ಲನ್ನು ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ರಕ್ತದ ವರದಿಯಲ್ಲಿ ಕಾಣುವ ಸಿಆರ್‌ಪಿ

ವಸಡು ಮತ್ತು ಹಲ್ಲಿನ ನಡುವೆ ಉರಿಯೂತದಿಂದ ಆಳವಾದ ಸಂದುಗಳು ಉಂಟಾಗುತ್ತವೆ. ಇವಕ್ಕೆ ಪಾಕೆಟ್ ಎನ್ನುತ್ತಾರೆ. ಅವುಗಳ ಒಳಮೈ ಹುಣ್ಣಾಗಿರುತ್ತದೆ. ರೋಗ ಇರುವವರ ಬಾಯಿಯಲ್ಲಿ ಇಂತಹ ಹುಣ್ಣಿನ ಜಾಗವನ್ನೆಲ್ಲ ಕೂಡಿಸಿದರೆ ಸುಮಾರು 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ ಎಂಬ ಅಂದಾಜಿದೆ. ಅಷ್ಟು ದೊಡ್ಡ ಗಾಯ ಕಾಲಿನ ಮೇಲಿದ್ದರೆ ಮನೆಯವರೆಲ್ಲ ಗಾಬರಿಯಾಗುತ್ತಿದ್ದರು. ವಸಡಿನೊಳಗೆ ಅಡಗಿರುವುದರಿಂದ ಯಾರಿಗೂ ಕಾಣುವುದಿಲ್ಲ.

ಈ ಗಾಯದ ಮೂಲಕ ಬ್ಯಾಕ್ಟೀರಿಯಾಗಳೂ, ಉರಿಯೂತದ ರಾಸಾಯನಿಕಗಳೂ ರಕ್ತ ಸೇರುತ್ತವೆ. ಇಂಟರ್‌ಲ್ಯೂಕಿನ್-6 ಯಕೃತ್ತನ್ನು ತಲುಪಿದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದನ್ನು ಹೆಚ್ಚು ತಯಾರಿಸುತ್ತದೆ. ಇದೇ ಲ್ಯಾಬ್ ವರದಿಗಳಲ್ಲಿ ನೀವು ನೋಡುವ ಸಿಆರ್‌ಪಿ. ಕೊರೋನಾ ಕಾಲದಲ್ಲಿ ಈ ಹೆಸರು ಅನೇಕ ಮನೆಗಳಿಗೆ ಪರಿಚಯವಾಯಿತು. ಇದು ಮೊದಲು ಪತ್ತೆಯಾದದ್ದು 1930ರಲ್ಲಿ, ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ.

ಹೃದಯದ ಅಪಾಯವನ್ನು ಅಂದಾಜು ಮಾಡಲು ಬಳಸುವ ಹೆಚ್ಚು ಸೂಕ್ಷ್ಮವಾದ ಸಿಆರ್‌ಪಿ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಇದ್ದರೆ ಸಾಧಾರಣ, 3ಕ್ಕಿಂತ ಮೇಲಿದ್ದರೆ ಹೆಚ್ಚು ಎಂದು ಪರಿಗಣಿಸುತ್ತಾರೆ. 10ಕ್ಕಿಂತ ಮೇಲಿದ್ದರೆ ಜ್ವರ, ಸೋಂಕು ಮುಂತಾದ ಬೇರೆ ಕಾರಣ ಇದೆಯೇ ಎಂದು ಹುಡುಕಬೇಕಾಗುತ್ತದೆ. ವರದಿ ಓದುವಾಗ ಅಂಕಿಯ ಪಕ್ಕದ ಅಳತೆಯನ್ನೂ ನೋಡಿ. ಕೆಲವು ಲ್ಯಾಬ್‌ಗಳು ಲೀಟರಿನ ಲೆಕ್ಕದಲ್ಲಿ, ಕೆಲವು ಡೆಸಿಲೀಟರಿನ ಲೆಕ್ಕದಲ್ಲಿ ಕೊಡುತ್ತವೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸವಿದೆ.

ತೀವ್ರವಾದ ವಸಡು ರೋಗ ಇರುವವರಲ್ಲಿ ಸಿಆರ್‌ಪಿ ಸರಾಸರಿಯಾಗಿ ತುಸು ಹೆಚ್ಚಿರುತ್ತದೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಿಆರ್‌ಪಿ ಎಂಬುದು ಮನೆಯಲ್ಲಿ ಹೊಗೆ ಇದೆ ಎಂದು ಹೇಳುತ್ತದೆ, ಯಾವ ಕೋಣೆಯಲ್ಲಿ ಎಂದು ಹೇಳುವುದಿಲ್ಲ. ಶೀತ, ಕೀಲು ನೋವು, ಬೊಜ್ಜು, ಧೂಮಪಾನ ಎಲ್ಲವೂ ಅದನ್ನು ಏರಿಸುತ್ತವೆ. ಆದ್ದರಿಂದ ಈ ಲೇಖನ ಓದಿ ಸಿಆರ್‌ಪಿ ಪರೀಕ್ಷೆಗೆಂದು ಲ್ಯಾಬಿಗೆ ಹೋಗಬೇಕಾಗಿಲ್ಲ. ವಸಡು ರೋಗ ಇದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆ ಬೇಡ, ವಸಡನ್ನೇ ಪರೀಕ್ಷಿಸಿದರೆ ಸಾಕು. ಜೊಲ್ಲಿನಲ್ಲಿ ಅಥವಾ ವಸಡಿನ ಸಂದಿನ ದ್ರವದಲ್ಲಿ ಎಂಎಂಪಿ-8 ಅಳೆಯುವ ಪರೀಕ್ಷೆಗಳೂ ಕೆಲವು ದೇಶಗಳಲ್ಲಿ ಬಂದಿವೆ. ಅವೂ ವೈದ್ಯರ ಪರೀಕ್ಷೆಗೆ ಪೂರಕವೇ ಹೊರತು ಅದರ ಬದಲಿಗೆ ಬಳಸುವಂಥವಲ್ಲ.

2007ರಲ್ಲಿ ಲಂಡನ್ನಿನಲ್ಲಿ ತೀವ್ರ ವಸಡು ರೋಗದ 120 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ವಸಡಿನ ಆಳದ ಶುಚಿ ಮಾಡಿದ ಮರುದಿನ ಆ ರೋಗಿಗಳ ರಕ್ತದಲ್ಲಿ ಸಿಆರ್‌ಪಿ ಮತ್ತು ಇಂಟರ್‌ಲ್ಯೂಕಿನ್-6 ಏರಿದ್ದವು. ಕೆದಕಿದ ಗಾಯಕ್ಕೆ ದೇಹ ತೋರಿದ ತಾತ್ಕಾಲಿಕ ಪ್ರತಿಕ್ರಿಯೆ ಅದು. ಆದರೆ ಆರು ತಿಂಗಳ ಬಳಿಕ ನೋಡಿದಾಗ ಅವರ ರಕ್ತನಾಳಗಳ ಒಳಪದರ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬಾಯಿಯ ಚಿಕಿತ್ಸೆಯ ಫಲ ತೋಳಿನ ರಕ್ತನಾಳದಲ್ಲಿ ಕಾಣಿಸಿತು.

ಸಕ್ಕರೆ ಕಾಯಿಲೆ ಇರುವವರು ಗಮನಿಸಿ

ಈ ಪಾಠದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದನ್ನು ಅವರಿಗೂ ಓದಿ ಹೇಳಿ.

ಸಕ್ಕರೆ ಕಾಯಿಲೆ ಮತ್ತು ವಸಡು ರೋಗ ಒಂದನ್ನೊಂದು ಬೆಳೆಸುತ್ತವೆ. ರಕ್ತದಲ್ಲಿ ಸಕ್ಕರೆ ಹೆಚ್ಚು ಕಾಲ ಏರಿದ್ದರೆ ಅದು ಪ್ರೋಟೀನುಗಳಿಗೆ ಅಂಟಿಕೊಂಡು ಉರಿಯೂತವನ್ನು ಕೆರಳಿಸುವ ವಸ್ತುಗಳಾಗುತ್ತದೆ. ಬಿಳಿ ರಕ್ತಕಣಗಳ ಶಕ್ತಿ ಕುಂದುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಹಾಗಾಗಿ ಸಕ್ಕರೆ ಹತೋಟಿಯಲ್ಲಿಲ್ಲದವರ ವಸಡು ಬೇಗ ಕೆಡುತ್ತದೆ. ಕಣ್ಣು, ಮೂತ್ರಪಿಂಡ, ನರ ಮುಂತಾದವುಗಳಿಗೆ ಆಗುವ ಐದು ತೊಂದರೆಗಳ ಸಾಲಿಗೆ ವಸಡು ರೋಗವನ್ನು ಆರನೆಯದಾಗಿ ಸೇರಿಸಬೇಕೆಂದು ಹೆರಾಲ್ಡ್ ಲೋ 1993ರಲ್ಲಿ ಬರೆದರು.

ಇದರ ಇನ್ನೊಂದು ಮುಖ ಅನೇಕರಿಗೆ ಗೊತ್ತಿಲ್ಲ. ವಸಡಿನಿಂದ ರಕ್ತಕ್ಕೆ ಸೇರುವ ಟಿಎನ್‌ಎಫ್ ಆಲ್ಫಾದಂತಹ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತವೆ. ಇನ್ಸುಲಿನ್ ಇದ್ದರೂ ಜೀವಕೋಶಗಳು ಅದರ ಮಾತು ಕೇಳುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅನ್ನ ಕಡಿಮೆ ಮಾಡಿದರು, ನಡಿಗೆ ಶುರು ಮಾಡಿದರು, ಮಾತ್ರೆಯನ್ನೂ ತಪ್ಪದೆ ನುಂಗಿದರು, ಆದರೂ ಮೂರು ತಿಂಗಳ ಸರಾಸರಿ ಇಳಿಯುತ್ತಿಲ್ಲ. ಇಂತಹವರು ನಮ್ಮ ಸುತ್ತ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಒಬ್ಬರನ್ನಾದರೂ 'ನಿಮ್ಮ ವಸಡು ಹೇಗಿದೆ?' ಎಂದು ಯಾರಾದರೂ ಕೇಳಿದ್ದಾರೆಯೇ?

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಿಮಗೆ ತಿಳಿದಿರಬಹುದು. ವಸಡು ರೋಗಕ್ಕೆ ಚಿಕಿತ್ಸೆ ಪಡೆದ ಸಕ್ಕರೆ ರೋಗಿಗಳ ಮೇಲೆ ನಡೆದ 35 ಅಧ್ಯಯನಗಳನ್ನು ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2022ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಚಿಕಿತ್ಸೆಯ ಮೂರು ನಾಲ್ಕು ತಿಂಗಳ ಬಳಿಕ ಎಚ್‌ಬಿಎ1ಸಿ ಸರಾಸರಿ 0.43 ಅಂಶದಷ್ಟು ಇಳಿದಿತ್ತು. ಅಂದರೆ 8.4 ಇದ್ದದ್ದು 8ರ ಆಸುಪಾಸಿಗೆ ಬಂದಂತೆ. ಅಂಕಿ ಸಣ್ಣದೆನಿಸಬಹುದು. ಆದರೆ ಹಲ್ಲು ಶುಚಿ ಮಾಡಿಸಿಕೊಂಡದ್ದರಿಂದ ಇಷ್ಟು ಸಿಗುವುದು ಕಡಿಮೆಯಲ್ಲ. ಹಾಗೆಂದು ಮಾತ್ರೆ, ಇನ್ಸುಲಿನ್ ಬಿಡಬಾರದು. ವಸಡಿನ ಚಿಕಿತ್ಸೆ ಅವುಗಳ ಜೊತೆಗೆ ಮಾಡಿಸಬೇಕಾದದ್ದು, ಅವುಗಳ ಬದಲಿಗಲ್ಲ.

ಹೃದಯ ಮತ್ತು ಗರ್ಭಿಣಿಯರ ಬಗ್ಗೆ

ವಸಡು ರೋಗ ಇದ್ದರೆ ಹೃದಯಾಘಾತ ಖಚಿತ ಎಂಬಂತಹ ಸಂದೇಶಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ನಿಜ ಏನೆಂದರೆ, ವಸಡು ರೋಗ ಇರುವವರಲ್ಲಿ ಹೃದ್ರೋಗ ಹೆಚ್ಚು ಕಂಡುಬಂದಿದೆ. ಎರಡರಲ್ಲೂ ಉರಿಯೂತದ ಪಾತ್ರವಿದೆ. ಆದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆ ಎಂದು ಸಾಬೀತಾಗಿಲ್ಲ. ಅಮೆರಿಕದ ಹೃದ್ರೋಗ ಸಂಘವು 2012ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು.

ಗರ್ಭಿಣಿಯರಲ್ಲಿ ಹಾರ್ಮೋನುಗಳ ಬದಲಾವಣೆಯಿಂದ ವಸಡು ಬೇಗ ಊದಿಕೊಳ್ಳುತ್ತದೆ. 'ಬಸುರಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು' ಎಂದು ಹಿರಿಯರು ತಡೆಯುವುದುಂಟು. ಇದು ತಪ್ಪು. ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಶುಚಿಗೆ ಅನುಕೂಲವಾದ ಸಮಯ. ಈ ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಹಾನಿಯಿಲ್ಲ ಎಂದು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಅವಧಿಗೆ ಮುನ್ನ ಹೆರಿಗೆಯಾಗುವುದು ಇದರಿಂದ ಕಡಿಮೆಯಾಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು. ಗರ್ಭಿಣಿ ಎಂಬುದನ್ನು ದಂತ ವೈದ್ಯರಿಗೆ ಮೊದಲೇ ತಿಳಿಸಿ.

ರಕ್ತ ಬಾರದಿದ್ದರೂ ರೋಗ ಇರಬಹುದು

ಬೀಡಿ, ಸಿಗರೇಟು ಸೇದುವವರು ಈ ಮಾತನ್ನು ಗಮನಿಸಬೇಕು. ತಂಬಾಕು ವಸಡಿನ ರಕ್ತನಾಳಗಳ ಪ್ರತಿಕ್ರಿಯೆಯನ್ನು ಅಡಗಿಸುತ್ತದೆ. ಹಾಗಾಗಿ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಒಳಗೆ ಮಾತ್ರ ಮೂಳೆ ಇನ್ನೂ ವೇಗವಾಗಿ ಸವೆಯುತ್ತದೆ. ಎಚ್ಚರಿಕೆಯ ಗಂಟೆಯ ತಂತಿ ಕತ್ತರಿಸಿದಂತೆ. ಹಲ್ಲು ಅಲ್ಲಾಡತೊಡಗಿದಾಗಲೇ ಅವರಿಗೆ ಗೊತ್ತಾಗುವುದು. ಜರ್ದಾ ಹಾಕಿದ ಎಲೆಅಡಿಕೆ, ಗುಟ್ಕಾ, ಹಲ್ಲುಪುಡಿಯಂತೆ ಉಜ್ಜುವ ಮಿಶ್ರಿ ಇವೂ ತಂಬಾಕೇ. ಕೆಲವು ಮನೆಗಳಲ್ಲಿ ಹೆಂಗಸರು ಮಿಶ್ರಿಯನ್ನು ಹಲ್ಲಿಗೆ ಒಳ್ಳೆಯದೆಂದು ಬಳಸುತ್ತಾರೆ. ಅದು ವಸಡನ್ನು ಕೆಡಿಸುವುದರ ಜೊತೆಗೆ ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ.

ದಂತ ವೈದ್ಯರು ಏನು ಮಾಡುತ್ತಾರೆ?

ದಂತ ವೈದ್ಯರ ಬಳಿ ಪ್ರೋಬ್ ಎಂಬ ತೆಳುವಾದ, ಅಳತೆಯ ಗೆರೆಗಳಿರುವ ಕಡ್ಡಿ ಇರುತ್ತದೆ. ಅದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿ ಸಂದಿನ ಆಳ ನೋಡುತ್ತಾರೆ. 1ರಿಂದ 3 ಮಿಲಿಮೀಟರ್ ಇದ್ದರೆ ಸಾಮಾನ್ಯ. 4 ಅಥವಾ ಅದಕ್ಕಿಂತ ಹೆಚ್ಚಿದ್ದು ರಕ್ತವೂ ಬಂದರೆ ಚಿಕಿತ್ಸೆ ಬೇಕು. ಅಗತ್ಯವಿದ್ದರೆ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಸವೆದಿದೆ ಎಂದು ನೋಡುತ್ತಾರೆ. 2018ರಿಂದ ಜಗತ್ತಿನಾದ್ಯಂತ ಬಳಕೆಗೆ ಬಂದ ವರ್ಗೀಕರಣದಲ್ಲಿ ರೋಗದ ವೇಗವನ್ನು ಅಂದಾಜಿಸಲು ಎಚ್‌ಬಿಎ1ಸಿ ಮತ್ತು ಧೂಮಪಾನ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಎಚ್‌ಬಿಎ1ಸಿ 7 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದಿದರೆ ರೋಗ ವೇಗವಾಗಿ ಮುಂದುವರಿಯುವ ಗುಂಪಿಗೆ ಸೇರಿಸುತ್ತಾರೆ. ಆದ್ದರಿಂದ ದಂತ ವೈದ್ಯರ ಬಳಿಗೆ ಹೋಗುವಾಗ ಸಕ್ಕರೆಯ ವರದಿಯನ್ನೂ ಜೊತೆಗೆ ಕೊಂಡೊಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಅವುಗಳ ಹೆಸರು ತಿಳಿಸಿ. ಆಮ್ಲೋಡಿಪಿನ್‌ನಂತಹ ಕೆಲವು ಮಾತ್ರೆಗಳಿಂದ ಕೆಲವರಿಗೆ ವಸಡು ಬೆಳೆಯುವುದುಂಟು. ಆದರೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಚಿಕಿತ್ಸೆಯ ಮೊದಲ ಹೆಜ್ಜೆ ಗಾರೆ ತೆಗೆಯುವುದು, ಅಂದರೆ ಸ್ಕೇಲಿಂಗ್. ಸಂದು ಆಳವಾಗಿದ್ದರೆ ವಸಡಿನ ಕೆಳಗೂ ಬೇರಿನ ಮೈಯನ್ನು ಶುಚಿ ಮಾಡುತ್ತಾರೆ. 'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ದೊಡ್ಡದಾಗುತ್ತದೆ' ಎಂಬ ಭಯ ಬಹಳ ಮಂದಿಯಲ್ಲಿದೆ. ಹಲ್ಲನ್ನು ಸಡಿಲ ಮಾಡಿದ್ದು ರೋಗ. ಮೂಳೆ ಸವೆದ ಜಾಗದಲ್ಲಿ ಗಾರೆ ತುಂಬಿಕೊಂಡು ಸಂದು ಕಾಣದಂತೆ ಮಾಡಿತ್ತು. ಗಾರೆ ಹೋದ ಮೇಲೆ ಇದ್ದ ಸಂದು ಕಾಣಿಸಿತು, ಅಷ್ಟೇ. ಖರ್ಚಿನ ಚಿಂತೆ ಇರುವವರು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ, ಇಲ್ಲವೇ ಹತ್ತಿರದ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಮನೆಯಲ್ಲಿ ಮಾಡಬೇಕಾದದ್ದು

ದಿನಕ್ಕೆ ಎರಡು ಬಾರಿ, ಎರಡು ನಿಮಿಷ, ಮೃದುವಾದ ಬ್ರಶ್ ಮತ್ತು ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ. ಬ್ರಶ್ಶಿನ ಎಳೆಗಳು ಹಲ್ಲು ಮತ್ತು ವಸಡು ಸೇರುವ ಗೆರೆಗೆ ಓರೆಯಾಗಿ ತಾಗಬೇಕು. ಅಲ್ಲೇ ಸಣ್ಣ ಸಣ್ಣದಾಗಿ ಅಲುಗಿಸಿ ಹಲ್ಲಿನ ತುದಿಯ ಕಡೆಗೆ ಸರಿಸಿ. ಗರಗಸದಂತೆ ಅಡ್ಡಕ್ಕೆ ಎಳೆದರೆ ವಸಡು ಕೆಳಗಿಳಿಯುತ್ತದೆ. ಹಲ್ಲಿನ ಒಳಬದಿಯನ್ನು ಮರೆಯಬೇಡಿ. ಎಳೆಗಳು ಹರಡಿಕೊಂಡರೆ ಅಥವಾ ಮೂರು ತಿಂಗಳಾದರೆ ಬ್ರಶ್ ಬದಲಿಸಿ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಬೇಡ.

ಹಲ್ಲುಗಳ ನಡುವಿನ ಸಂದಿಗೆ ಬ್ರಶ್ ತಲುಪುವುದಿಲ್ಲ. ವಸಡು ರೋಗ ಹೆಚ್ಚಾಗಿ ಶುರುವಾಗುವುದೂ ಅಲ್ಲಿಯೇ. ರಾತ್ರಿ ಮಲಗುವ ಮುನ್ನ ದಂತ ದಾರದಿಂದ ಅಥವಾ ಸಂದಿಗೆಂದೇ ಸಿಗುವ ಸಣ್ಣ ಬ್ರಶ್ಶಿನಿಂದ ಶುಚಿ ಮಾಡಿಕೊಳ್ಳಿ. ಸೂಜಿ, ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ. ಬಾಯಿ ತೊಳೆಯುವ ಔಷಧಿ ದ್ರವವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ. ಕ್ಲೋರ್‌ಹೆಕ್ಸಿಡಿನ್ ಇರುವ ದ್ರವವನ್ನು ತುಂಬಾ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ.

ಮಿಸ್ವಾಕ್ ಬಗ್ಗೆ ಅನೇಕರು ಕೇಳುತ್ತಾರೆ. ಅರಾಕ್ ಅಥವಾ ಪೀಲು ಎಂದು ಕರೆಯುವ ಮರದ ಬೇರು ಮತ್ತು ಕೊಂಬೆಗಳಿಂದ ಬರುವ ಈ ಕಡ್ಡಿಯಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಬೆಂಝೈಲ್ ಐಸೋಥಯೋಸಯನೇಟ್ ಎಂಬ ಅಂಶ ಇರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅದರ ನಾರುಗಳು ಪಾಚಿಯನ್ನು ಉಜ್ಜಿ ತೆಗೆಯುತ್ತವೆ. ಆದ್ದರಿಂದ ಸುನ್ನತ್ ಎಂದು ಬಳಸುವವರಿಗೆ ಆರೋಗ್ಯದ ಲಾಭವೂ ಇದೆ. ಆದರೆ ಬಳಸುವ ಕ್ರಮ ಸರಿಯಿರಬೇಕು. ತುದಿಯ ಸಿಪ್ಪೆ ತೆಗೆದು, ನೀರಿನಲ್ಲಿ ನೆನೆಸಿ, ಜಗಿದು ನಾರು ಮೃದುವಾದ ಮೇಲೆ ಬಳಸಿ. ವಸಡಿನಿಂದ ಹಲ್ಲಿನ ಕಡೆಗೆ ಉಜ್ಜಿ. ಹಳೆಯ ನಾರನ್ನು ಆಗಾಗ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಿ. ಒಣಗಿದ ಕಡ್ಡಿಯನ್ನು ಜೇಬಿನಿಂದ ತೆಗೆದು ಎದುರಿನ ನಾಲ್ಕು ಹಲ್ಲಿಗೆ ತಿಕ್ಕಿದರೆ ಹಿಂದಿನ ದವಡೆ ಹಲ್ಲುಗಳು ಹಾಗೆಯೇ ಉಳಿಯುತ್ತವೆ. ಹಲ್ಲುಗಳ ಸಂದಿಗೆ ಮಿಸ್ವಾಕ್ ಕೂಡ ತಲುಪುವುದಿಲ್ಲ, ಗಟ್ಟಿಯಾದ ಗಾರೆಯನ್ನು ಅದು ತೆಗೆಯುವುದೂ ಇಲ್ಲ. ಮಿಸ್ವಾಕ್ ಮತ್ತು ಬ್ರಶ್ ಎರಡನ್ನೂ ಇಟ್ಟುಕೊಳ್ಳುವುದು ಉತ್ತಮ.

ರಮಝಾನ್‌ನಲ್ಲಿ ಹಗಲು ಬಾಯಿ ಒಣಗುತ್ತದೆ, ಜೊಲ್ಲು ಕಡಿಮೆಯಾಗುತ್ತದೆ. ಸಹರಿಯ ನಂತರ ಮತ್ತು ರಾತ್ರಿ ಮಲಗುವ ಮುನ್ನ ತಪ್ಪದೆ ಹಲ್ಲುಜ್ಜಿ. ತರಾವೀಹ್ ಮುಗಿಸಿ ಸುಸ್ತಾಗಿ ಹಾಗೆಯೇ ಮಲಗಿಬಿಡುವುದು ಹೆಚ್ಚಿನವರ ತಪ್ಪು. ವಸಡಿನ ತೊಂದರೆ ಇರುವವರು ಶಾಬಾನ್ ತಿಂಗಳಲ್ಲೇ ದಂತ ವೈದ್ಯರನ್ನು ಕಂಡು ಶುಚಿ ಮಾಡಿಸಿಕೊಂಡರೆ ಉಪವಾಸದ ದಿನಗಳು ನೆಮ್ಮದಿಯಿಂದ ಕಳೆಯುತ್ತವೆ.

ಯಾವಾಗ ತಡ ಮಾಡಬಾರದು?

ಎರಡು ವಾರ ಸರಿಯಾಗಿ ಹಲ್ಲುಜ್ಜಿದರೂ ರಕ್ತ ನಿಲ್ಲದಿದ್ದರೆ, ವಸಡಿನಿಂದ ಕೀವು ಬಂದರೆ, ಬಾಯಿಯ ದುರ್ವಾಸನೆ ಹೋಗದಿದ್ದರೆ, ಹಲ್ಲು ಅಲ್ಲಾಡಿದರೆ ಅಥವಾ ಇದ್ದಕ್ಕಿದ್ದಂತೆ ಹಲ್ಲುಗಳ ನಡುವೆ ಸಂದು ಬಿಟ್ಟರೆ ದಂತ ವೈದ್ಯರನ್ನು ಕಾಣಿ. ವಸಡಿನ ರಕ್ತದ ಜೊತೆಗೆ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು, ಬಿಡದ ಜ್ವರ, ವಿಪರೀತ ಸುಸ್ತು ಇದ್ದರೆ ಅದು ರಕ್ತದ ಕಾಯಿಲೆಯೂ ಇರಬಹುದು. ಆಗ ತಡ ಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಮಕ್ಕಳಿಗೆ ಏಳು ಎಂಟು ವರ್ಷದ ತನಕ ದೊಡ್ಡವರೇ ಕೈ ಹಿಡಿದು ಉಜ್ಜಿಸಿ. ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರ ಬಾಯಿಯ ಶುಚಿಯೂ ನಿಮ್ಮ ಸೇವೆಯ ಭಾಗವಾಗಲಿ. ಅವರಿಗೆ ಹೇಳಿಕೊಳ್ಳಲು ಆಗದ ನೋವು ಎಷ್ಟೋ ಬಾರಿ ವಸಡಿನಲ್ಲಿ ಅಡಗಿರುತ್ತದೆ.

ಉರಿಯೂತವನ್ನು ಅಳೆಯಲು ವಿಜ್ಞಾನಿಗಳು ದೊಡ್ಡ ದೊಡ್ಡ ಯಂತ್ರಗಳನ್ನು ಬಳಸುತ್ತಾರೆ. ನಿಮ್ಮ ಮನೆಯಲ್ಲಿ ಅದಕ್ಕೆ ಅಂತಹ ಯಂತ್ರ ಬೇಕಿಲ್ಲ. ಇಂದು ರಾತ್ರಿ ಹಲ್ಲುಜ್ಜಿ ಉಗುಳಿದ ಮೇಲೆ ಬಿಳಿ ಬೇಸಿನ್ನನ್ನೊಮ್ಮೆ ನೋಡಿ. ಮನೆಯ ಎಲ್ಲರಿಗೂ ನೋಡಲು ಹೇಳಿ, ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ. ಕೆಂಪು ಕಂಡರೆ ಬ್ರಶ್ ಬಿಡಬೇಡಿ, ಇನ್ನಷ್ಟು ಎಚ್ಚರದಿಂದ ಉಜ್ಜಿ. ಎರಡು ವಾರ ಕಾದು ನೋಡಿ. ಆಗಲೂ ನಿಲ್ಲದಿದ್ದರೆ ನೋವು ಬರಲಿ ಎಂದು ಕಾಯಬೇಡಿ. ವಸಡು ರೋಗದಲ್ಲಿ ನೋವು ಬರುವಷ್ಟರಲ್ಲಿ ಮೂಳೆ ಹೋಗಿರುತ್ತದೆ, ಹೋದ ಮೂಳೆ ತಾನಾಗಿ ಮರಳಿ ಬರುವುದಿಲ್ಲ.